ಕೇಳಿ, ಹೇಳ್ತೀವಿ: ಥಾಮಸ್ ಕಪ್ ಭಾರತಕ್ಕೆ ಬರೋಕೆ 73 ವರ್ಷ ಯಾಕೆ ಬೇಕಾಯ್ತು?

ಹೋದ ಸಂಚಿಕೆಯಲ್ಲಿ 2022ರ ಥಾಮಸ್ ಕಪ್ ಫೈನಲ್ ಬಗ್ಗೆ ಒಂದು ಸಣ್ಣ ಟಿಪ್ಪಣಿ ಹಾಕಿದ್ವಿ. ಬ್ಯಾಂಕಾಕ್‌ನಲ್ಲಿ ಭಾರತ ಇಂಡೋನೇಷ್ಯಾನ 3-0 ಸೋಲಿಸಿದ್ದು, ಆ ಟೀಮಲ್ಲಿ ನಮ್ಮ ಮುಂಬೈ ಹುಡುಗ ಚಿರಾಗ್ ಶೆಟ್ಟಿ ಇದ್ದದ್ದು, ಇಷ್ಟೇ ಇತ್ತು ಅದರಲ್ಲಿ. ಅದನ್ನ ಓದಿ ಮುಂಬೈ, ಪುಣೆ, ಗೋವಾದಿಂದ ಪತ್ರ, ವಾಟ್ಸಾಪ್ ಮೆಸೇಜ್ ಬರ್ತಾನೇ ಇವೆ. ಬೇರೆ ಪ್ರಶ್ನೆಗಳನ್ನೆಲ್ಲ ಮುಂದಿನ ಸಲಕ್ಕೆ ಇಟ್ಟು ಈ ಸಲ ಪೂರ್ತಿ ಜಾಗ ಥಾಮಸ್ ಕಪ್‌ಗೇ ಕೊಡ್ತಿದೀವಿ.

ಪ್ರಶ್ನೆ: ಸರ್, ನಾನು ಕಾಂದಿವಲಿಯಲ್ಲಿ ಹೋಟೆಲ್ ಕೆಲಸದಲ್ಲಿ ಇರೋನು. ಆವತ್ತು ಫೈನಲ್ ಗೆದ್ದಾಗ ನಮ್ಮ ಹೋಟೆಲಲ್ಲಿ ಎಲ್ರಿಗೂ ಸ್ವೀಟ್ ಹಂಚಿದ್ರು. ಆದ್ರೆ ಈ ಥಾಮಸ್ ಯಾರು, ಈ ಕಪ್ ಯಾವಾಗ ಶುರುವಾಯ್ತು ಅಂದ್ರೆ ಯಾರಿಗೂ ಗೊತ್ತಿಲ್ಲ. ಸ್ವಲ್ಪ ಬಿಡಿಸಿ ಹೇಳ್ತೀರಾ?
– ಓದುಗರು, ಕಾಂದಿವಲಿ

ಉತ್ತರ: ಖಂಡಿತ. ಥಾಮಸ್ ಅಂದ್ರೆ ಸರ್ ಜಾರ್ಜ್ ಥಾಮಸ್, ಇಂಗ್ಲೆಂಡಿನವರು. ಸುಮ್ನೆ ದುಡ್ಡು ಕೊಟ್ಟು ಕಪ್ಪಿಗೆ ಹೆಸರಿಟ್ಟುಕೊಂಡ ದೊಡ್ಡ ಮನುಷ್ಯ ಅಂದ್ಕೋಬೇಡಿ, ಅವರು ಆಟಗಾರರು, ಅದೂ ಎಂಥಾ ಆಟಗಾರರು ಅಂದ್ರೆ ಆಲ್ ಇಂಗ್ಲೆಂಡ್ ಚಾಂಪಿಯನ್‌ಶಿಪ್‌ನಲ್ಲಿ ಒಟ್ಟು 21 ಪ್ರಶಸ್ತಿ ಗೆದ್ದಿದ್ರು, ಅದರಲ್ಲಿ ಸಿಂಗಲ್ಸ್ ಬರೀ 4, ಉಳಿದ 17 ಡಬಲ್ಸ್ ಮತ್ತು ಮಿಕ್ಸೆಡ್ ಡಬಲ್ಸ್. ಈ 17ನ್ನ ನೆನಪಲ್ಲಿ ಇಟ್ಕೊಳ್ಳಿ, ಮುಂದೆ ಬೇಕಾಗತ್ತೆ. ಇದರ ಜೊತೆಗೆ ಚೆಸ್ಸಲ್ಲೂ ಎರಡು ಸಲ ಬ್ರಿಟಿಷ್ ಚಾಂಪಿಯನ್, 1923 ಮತ್ತು 1934ರಲ್ಲಿ. 1934-35ರ ಹೇಸ್ಟಿಂಗ್ಸ್ ಟೂರ್ನಿಯಲ್ಲಿ ಹಿಂದೆ ವಿಶ್ವ ಚಾಂಪಿಯನ್ ಆಗಿದ್ದ ಕಾಪಾಬ್ಲಾಂಕಾ ಮತ್ತು ಮುಂದೆ ವಿಶ್ವ ಚಾಂಪಿಯನ್ ಆದ ಬೋಟ್ವಿನ್ನಿಕ್ ಇಬ್ಬರನ್ನೂ ಸೋಲಿಸಿದ್ರು. ಚೆಸ್ ಗೊತ್ತಿರೋರಿಗೆ ಇದೆಷ್ಟು ದೊಡ್ಡ ಮಾತು ಅಂತ ಬಿಡಿಸಿ ಹೇಳಬೇಕಾಗಿಲ್ಲ.

1934ರಲ್ಲಿ ಅಂತಾರಾಷ್ಟ್ರೀಯ ಬ್ಯಾಡ್ಮಿಂಟನ್ ಫೆಡರೇಶನ್ ಶುರುವಾದಾಗ ಇವರೇ ಮೊದಲ ಅಧ್ಯಕ್ಷರು, 1955ರ ತನಕ ಇದ್ರು. ಟೆನಿಸ್‌ಗೆ ಡೇವಿಸ್ ಕಪ್ ಇದೆ, ದೇಶ ದೇಶಗಳ ಟೀಮ್ ಆಡ್ತವೆ, ನಮ್ಮ ಆಟಕ್ಕೂ ಅಂಥದ್ದೊಂದು ಬೇಕು ಅನ್ನೋದು ಅವರ ಆಸೆ. 1939ರಲ್ಲಿ ಫೆಡರೇಶನ್‌ಗೆ ಕಪ್ ಕೊಟ್ರು. ಸುಮಾರು 28 ಇಂಚು ಎತ್ತರ, ಹಿಡಿ ಸೇರಿಸಿ 16 ಇಂಚು ಅಗಲ, ಮೂರು ಭಾಗ: ಕೆಳಗೆ ಪೀಠ, ನಡುವೆ ಬಟ್ಟಲು, ಮೇಲೆ ಮುಚ್ಚಳ, ಆ ಮುಚ್ಚಳದ ಮೇಲೆ ಒಬ್ಬ ಆಟಗಾರನ ಪುಟ್ಟ ಗೊಂಬೆ. ಕಪ್ ಸಿದ್ಧ ಆಯ್ತು, ಟೂರ್ನಿ 1941-42ಕ್ಕೆ ಅಂತ ಲೆಕ್ಕ ಹಾಕಿದ್ರು, ಅಷ್ಟರಲ್ಲಿ ಎರಡನೇ ಮಹಾಯುದ್ಧ. ಎಲ್ಲಾ ನಿಂತೋಯ್ತು.

ಕೊನೆಗೆ ಮೊದಲ ಟೂರ್ನಿ ನಡೆದಿದ್ದು 1948-49ರಲ್ಲಿ. 10 ದೇಶಗಳು ಆಡಿದ್ವು, ಕೊನೆಯ ಸುತ್ತು ಇಂಗ್ಲೆಂಡಿನ ಪ್ರೆಸ್ಟನ್ ಅನ್ನೋ ಊರಲ್ಲಿ. ಗೆದ್ದೋರು ಇಂಗ್ಲೆಂಡಿನವರೂ ಅಲ್ಲ, ಡೆನ್ಮಾರ್ಕಿನವರೂ ಅಲ್ಲ, ಆಗಿನ್ನೂ ಬ್ರಿಟಿಷರ ಕೈಕೆಳಗೇ ಇದ್ದ ಮಲಯಾದವರು, ಅಂದ್ರೆ ಈಗಿನ ಮಲೇಷ್ಯಾದವರು. ಫೈನಲ್‌ನಲ್ಲಿ ಡೆನ್ಮಾರ್ಕನ್ನ 8-1 ಹೊಡೆದ್ರು! ನನಗೆ ಈ ಆಟದ ಇತಿಹಾಸದಲ್ಲಿ ತುಂಬಾ ಇಷ್ಟದ ಜಾಗ ಇದು. ಆಳೋರ ಊರಿಗೆ ಹೋಗಿ, ಆಳಿಸಿಕೊಳ್ಳೋರು ಕಪ್ ಎತ್ತಿಕೊಂಡು ಹಡಗು ಹತ್ತಿ ಬಂದ್ರು. ಆಮೇಲೆ 1952, 1955ರಲ್ಲೂ ಅವರದ್ದೇ. 1958ರಲ್ಲಿ ಇಂಡೋನೇಷ್ಯಾ ಅವರ ಕೈಯಿಂದ ಕಿತ್ಕೊಂಡಿತು, 1982ರಲ್ಲಿ ಚೀನಾ ಮೊದಲ ಸಲ ಬಂದು ಮೊದಲ ಸಲಾನೇ ಗೆದ್ದುಕೊಂಡು ಹೋಯ್ತು. 2024ರ ತನಕ 33 ಟೂರ್ನಿ ಆಗಿವೆ: ಇಂಡೋನೇಷ್ಯಾ 14, ಚೀನಾ 11, ಮಲೇಷ್ಯಾ 5 (ಮಲಯಾದ ಮೂರೂ ಸೇರಿ), ಜಪಾನ್, ಡೆನ್ಮಾರ್ಕ್, ಭಾರತ ಒಂದೊಂದು. 1949ರಿಂದ 2024ರ ತನಕ ಬರೀ ಆರು ದೇಶ ಮುಟ್ಟಿರೋ ಕಪ್ ಇದು, ನಿಮ್ಮ ಹೋಟೆಲಲ್ಲಿ ಸ್ವೀಟ್ ಹಂಚಿದ್ದು ಸರಿಯಾಗೇ ಇದೆ.

ಪ್ರಶ್ನೆ: ನಮ್ಮ ತಂದೆಯವರಿಗೆ ಈಗ ವಯಸ್ಸಾಗಿದೆ. ಪ್ರಕಾಶ್ ಪಡುಕೋಣೆ 1980ರಲ್ಲೇ ಥಾಮಸ್ ಕಪ್ ತಂದಿದ್ರು, ಈಗೇನು ಹೊಸದಾಗಿ ಗೆದ್ದ ಹಾಗೆ ಮಾಡ್ತೀರಿ ಅಂತ ವಾದ ಮಾಡ್ತಾರೆ. ಯಾವುದು ಸರಿ?
– ಓದುಗರು, ಮಾಟುಂಗಾ

ಉತ್ತರ: ನಿಮ್ಮ ತಂದೆಯವರಿಗೆ ವರ್ಷ ಸರಿಯಾಗೇ ನೆನಪಿದೆ, ಟೂರ್ನಿ ಮಾತ್ರ ಬೇರೆ. 1980ರ ಮಾರ್ಚಲ್ಲಿ ಪ್ರಕಾಶ್ ಗೆದ್ದಿದ್ದು ಆಲ್ ಇಂಗ್ಲೆಂಡ್. ಲಂಡನ್ನಿನ ವೆಂಬ್ಲಿಯಲ್ಲಿ, ಇಂಡೋನೇಷ್ಯಾದ ಲೀಮ್ ಸ್ವೀ ಕಿಂಗ್ ಮೇಲೆ 15-3, 15-10. ಆ ಲೀಮ್ ಅದಕ್ಕೆ ಹಿಂದಿನ ಎರಡು ವರ್ಷ, 1978 ಮತ್ತು 1979ರಲ್ಲಿ ಚಾಂಪಿಯನ್ ಆಗಿದ್ದೋನು, ಹಾರಿ ಸ್ಮ್ಯಾಶ್ ಹೊಡೆಯೋದಕ್ಕೆ ಹೆಸರುವಾಸಿ. ಪ್ರಕಾಶ್ ಅವನಿಗೆ ಹೊಡೆಯೋಕೆ ಬೇಕಾದ ಎತ್ತರದಲ್ಲಿ, ಬೇಕಾದ ವೇಗದಲ್ಲಿ ಶಟಲ್ ಕೊಡಲೇ ಇಲ್ಲ. ಮೆಲ್ಲಗೆ ನೆಟ್ ಹತ್ರ ಬಿಡೋದು, ಮತ್ತೆ ಹಿಂದಕ್ಕೆ ತಳ್ಳೋದು, ಅರ್ಧ ಸ್ಮ್ಯಾಶ್, ಹೀಗೆ ಆಟದ ವೇಗಾನೇ ತನ್ನ ಕೈಲಿ ಇಟ್ಕೊಂಡ್ರು. ಬೆಂಗಳೂರು ಮಲ್ಲೇಶ್ವರದ ಕೆನರಾ ಯೂನಿಯನ್ನಿನ ಹಾಲಲ್ಲಿ ಕಲಿತ ಆಟ ಅದು.

ಆಲ್ ಇಂಗ್ಲೆಂಡ್ ಅಂದ್ರೆ ಒಬ್ಬೊಬ್ಬರೇ ತಮ್ಮ ತಮ್ಮ ಹೆಸರಲ್ಲಿ ಆಡೋ ಟೂರ್ನಿ, 1899ರಿಂದ ನಡೀತಿದೆ. ಥಾಮಸ್ ಕಪ್ ಅಂದ್ರೆ ದೇಶಗಳ ಗಂಡಸರ ಟೀಮ್ ಟೂರ್ನಿ. ಪ್ರಕಾಶ್ ಥಾಮಸ್ ಕಪ್ ಆಡಿದಾರೆ, 1979ರಲ್ಲಿ ಅವರಿದ್ದ ಭಾರತ ಟೀಮ್ ಜಕಾರ್ತಾದಲ್ಲಿ ಸೆಮಿಫೈನಲ್ ತನಕ ಹೋಗಿ ಡೆನ್ಮಾರ್ಕ್ ಎದುರು ಸೋತಿತು. ಅದಕ್ಕೂ ಮುಂಚೆ 1952, 1955ರಲ್ಲೂ ನಾವು ಅಲ್ಲೀತನಕ ಹೋಗಿದ್ವಿ. ತಂದೆಯವರಿಗೆ ನಮ್ಮ ನಮಸ್ಕಾರ ಹೇಳಿ, 1980ರಲ್ಲಿ ರೇಡಿಯೋದಲ್ಲೋ ಪೇಪರಲ್ಲೋ ಆ ಸುದ್ದಿ ಹೇಗೆ ಸಿಕ್ತು ಅಂತ ಅವರನ್ನ ಕೇಳಿ ಬರೆದು ಕಳಿಸಿ, ಪ್ರಕಟ ಮಾಡ್ತೀವಿ.

ಪ್ರಶ್ನೆ: ನಾವ್ ಧಾರವಾಡ ಕಡೆಯವರು, ಅಜ್ಜಾನ ಕಾಲದಿಂದ ಪುಣೆದಾಗ ಇದ್ದೀವಿ. ಬ್ಯಾಡ್ಮಿಂಟನ್ ಹುಟ್ಟಿದ್ದ ಪುಣೆದಾಗ ಅಂತ ನನ್ನ ಮಗನ ಕೋಚ್ ಹೇಳತಾರ. ಖರೆ ಏನ್ರಿ ಅದು?
– ಓದುಗರು, ಪುಣೆ

ಉತ್ತರ: ಬಹಳಷ್ಟು ಖರೆ ಅದ ರೀ. ಬ್ಯಾಟಿನಂಥಾ ಹಲಗೆಯಿಂದ ಪುಕ್ಕದ ಚೆಂಡನ್ನ ಕೆಳಗೆ ಬೀಳದ ಹಾಗೆ ಹೊಡೆಯೋ ಆಟ ತುಂಬಾ ಹಳೇದು, ಬೇರೆ ಬೇರೆ ದೇಶದಲ್ಲಿ ಇತ್ತು. ಆದ್ರೆ ನಡುವೆ ನೆಟ್ ಕಟ್ಟಿ, ಗೆರೆ ಎಳೆದು, ಇಬ್ಬರು ಎದುರುಬದುರು ನಿಂತು ಪಾಯಿಂಟ್ ಲೆಕ್ಕ ಹಾಕೋ ಆಟ ಆಗಿದ್ದು 19ನೇ ಶತಮಾನದಲ್ಲಿ ಇಲ್ಲಿದ್ದ ಬ್ರಿಟಿಷ್ ಸೇನೆಯ ಅಧಿಕಾರಿಗಳ ನಡುವೆ, ಅದೂ ಮುಖ್ಯವಾಗಿ ನಿಮ್ಮ ಪುಣೆಯ ಕಂಟೋನ್ಮೆಂಟಲ್ಲಿ. ಹಾಗಾಗಿ ಆಟಕ್ಕೆ ಆಗ ಪೂನಾ ಅಂತಾನೇ ಹೆಸರು. 1870ರ ದಶಕದಲ್ಲಿ ಇವರು ರಜೆಗೆ ಊರಿಗೆ ಹೋದಾಗ ಆಟಾನೂ ಜೊತೆಗೆ ಹೋಯ್ತು, ಗ್ಲೌಸ್ಟರ್‌ಶೈರಿನಲ್ಲಿ ಬೋಫರ್ಟ್ ಡ್ಯೂಕ್ ಅವರ ಬ್ಯಾಡ್ಮಿಂಟನ್ ಹೌಸ್ ಅನ್ನೋ ಬಂಗಲೆಯ ಹೆಸರು ಅದಕ್ಕೆ ಅಂಟಿಕೊಳ್ತು. ಮುಂದೆ 1893ರಲ್ಲಿ ಇಂಗ್ಲೆಂಡಲ್ಲಿ ಬ್ಯಾಡ್ಮಿಂಟನ್ ಸಂಘ ಆಯ್ತು, 1899ರಲ್ಲಿ ಆಲ್ ಇಂಗ್ಲೆಂಡ್.

ಪುಣೆಗೆ ಹೆಮ್ಮೆ ಪಡೋಕೆ ಇನ್ನೊಂದು ಕಾರಣ ಇದೆ, ಅದು ಕೋಚ್ ಹೇಳಿದಾರೋ ಇಲ್ವೋ. ನಂದು ನಾಟೇಕರ್. ಸಾಂಗ್ಲಿಯಲ್ಲಿ ಹುಟ್ಟಿ, ಕೊನೆಗಾಲ ಪುಣೆಯಲ್ಲಿ ಕಳೆದು, 2021ರ ಜುಲೈನಲ್ಲಿ 88ನೇ ವಯಸ್ಸಲ್ಲಿ ಪುಣೆಯಲ್ಲೇ ತೀರಿಕೊಂಡ್ರು. 1956ರಲ್ಲಿ ಮಲಯಾದಲ್ಲಿ ಸೆಲಂಗೂರ್ ಟೂರ್ನಿ ಗೆದ್ದು, ವಿದೇಶದಲ್ಲಿ ಪ್ರಶಸ್ತಿ ಗೆದ್ದ ಮೊದಲ ಭಾರತೀಯ ಬ್ಯಾಡ್ಮಿಂಟನ್ ಆಟಗಾರ ಅನ್ನಿಸಿಕೊಂಡೋರು, 1961ರಲ್ಲಿ ಅರ್ಜುನ ಪ್ರಶಸ್ತಿ ಶುರುವಾದಾಗ ಮೊದಲ ಸಾಲಲ್ಲಿ ತಗೊಂಡೋರು. 1951ರಿಂದ 1963ರ ತನಕ ಥಾಮಸ್ ಕಪ್‌ನಲ್ಲಿ ಅವರು ಆಡಿದ 16 ಸಿಂಗಲ್ಸಲ್ಲಿ 12 ಗೆದ್ರು, 16 ಡಬಲ್ಸಲ್ಲಿ 8. ಈ ಎರಡು ಲೆಕ್ಕ ಅಕ್ಕಪಕ್ಕ ಇಟ್ಟು ನೋಡಿ. ಅವರಂಥಾ ಆಟಗಾರನಿಗೂ ಸಿಂಗಲ್ಸಲ್ಲಿ ನಾಲ್ಕಕ್ಕೆ ಮೂರು ಗೆಲುವು, ಡಬಲ್ಸಲ್ಲಿ ಅರ್ಧಕ್ಕರ್ಧ. ಅವರು ತೀರಿಕೊಂಡು ಒಂದು ವರ್ಷ ತುಂಬೋಕೆ ಮೊದಲೇ ಭಾರತ ಥಾಮಸ್ ಕಪ್ ಗೆದ್ದಿತು, ಅದನ್ನ ಅವರು ನೋಡೋಕೆ ಇರಬೇಕಿತ್ತು ಅಂತ ನನಗೆ ಈಗಲೂ ಅನ್ನಿಸತ್ತೆ.

ಮಗನ್ನ ಬಾಲೇವಾಡಿ ಕ್ರೀಡಾಸಂಕುಲಕ್ಕೆ ಕರ್ಕೊಂಡು ಹೋದಾಗ ಅಲ್ಲಿನ ಬ್ಯಾಡ್ಮಿಂಟನ್ ಹಾಲ್ ತೋರಿಸಿ, 2008ರಲ್ಲಿ ಸೈನಾ ನೆಹ್ವಾಲ್ ಜೂನಿಯರ್ ವಿಶ್ವ ಚಾಂಪಿಯನ್ ಆಗಿದ್ದು ಪುಣೆಯಲ್ಲೇ.

ಪ್ರಶ್ನೆ: ಸರ್, ಜನ ಗಲಾಟೆ ಮಾಡಿದ್ದಕ್ಕೆ ಒಂದು ಥಾಮಸ್ ಕಪ್ ಫೈನಲ್ ಅರ್ಧಕ್ಕೇ ನಿಂತಿತ್ತು ಅಂತ ಕಾಲೇಜಲ್ಲಿ ಫ್ರೆಂಡ್ ಹೇಳ್ದ. ನಂಬೋ ಹಾಗಿದೆಯಾ?
– ವಿದ್ಯಾರ್ಥಿ, ಮಡಗಾಂವ್, ಗೋವಾ

ಉತ್ತರ: ನಂಬಪ್ಪ, ನಿಜಾನೇ. 1967, ಜಕಾರ್ತಾ. ಮಲೇಷ್ಯಾ ವರ್ಸಸ್ ಇಂಡೋನೇಷ್ಯಾ. ಆಗೆಲ್ಲ ಒಂದು ಟೈ, ಅಂದ್ರೆ ಎರಡು ದೇಶಗಳ ನಡುವಿನ ಪೂರ್ತಿ ಹಣಾಹಣಿ, 9 ಪಂದ್ಯ, ಎರಡು ದಿನ ನಡೀತಿತ್ತು, 5 ಗೆದ್ದೋರಿಗೆ ಕಪ್. ಇಂಡೋನೇಷ್ಯಾ ಮೂರು ಸಲದಿಂದ ಚಾಂಪಿಯನ್, ತಮ್ಮ ಊರು, ತಮ್ಮ ಸ್ಟೇಡಿಯಂ, ಅಂಥಾದ್ರಲ್ಲಿ ಮಲೇಷ್ಯಾ 4-3 ಮುಂದೆ ಇತ್ತು. ಇನ್ನೊಂದು ಗೆದ್ರೆ ಮುಗೀತು. ಆಗ ಡಬಲ್ಸ್ ನಡೀತಿರುವಾಗ ಜನರ ಕೂಗಾಟ ಯಾವ ಮಟ್ಟಕ್ಕೆ ಹೋಯ್ತು ಅಂದ್ರೆ ಮಲೇಷ್ಯಾದವರಿಗೆ ಆಡೋಕೇ ಆಗದ ಹಾಗಾಯ್ತು, ರೆಫ್ರಿ ಹರ್ಬರ್ಟ್ ಶೀಲ್ ಆಟ ನಿಲ್ಲಿಸಿಬಿಟ್ರು. ಉಳಿದ ಪಂದ್ಯಗಳನ್ನ ನ್ಯೂಜಿಲೆಂಡಲ್ಲಿ ಆಡಿ ಅಂತ ಫೆಡರೇಶನ್ ಹೇಳ್ತು, ಇಂಡೋನೇಷ್ಯಾ ಒಪ್ಪಲಿಲ್ಲ, ಹಾಗಾಗಿ 6-3 ಅಂತ ಬರೆದು ಕಪ್ಪನ್ನ ಮಲೇಷ್ಯಾಗೆ ಕೊಟ್ರು.

ಶೀಲ್ ಮಾಡಿದ್ದು ಸರಿ ಅಂತಾನೇ ನನ್ನ ಅಭಿಪ್ರಾಯ. ಡಬಲ್ಸಲ್ಲಿ ಜೊತೆಗಾರ ಕೂಗಿದ್ದು ಕಿವಿಗೆ ಬೀಳಬೇಕು, ನಂದು, ನಿಂದು, ಬಿಡು, ಔಟ್ ಅಂತ ಆ ಒಂದೊಂದು ಮಾತಿನ ಮೇಲೇ ಆಟ ನಿಂತಿರತ್ತೆ. ಅದು ಕೇಳಿಸದೆ ಇದ್ರೆ ಅದು ಪಂದ್ಯಾನೇ ಅಲ್ಲ. ಮುಂದಿನ ಸಲ, 1970ರಲ್ಲಿ, ಕೌಲಾಲಂಪುರಕ್ಕೆ ಹೋಗಿ ಇಂಡೋನೇಷ್ಯಾ 7-2ರಲ್ಲಿ ಕಪ್ ವಾಪಸ್ ತಗೊಂಡಿತು, ಉತ್ತರ ಕೊಡೋದಾದ್ರೆ ಹಾಗೆ ಕೊಡಬೇಕು.

ಪ್ರಶ್ನೆ: ಮೊದಲ ಟೂರ್ನಿ 1949, ನಾವು ಗೆದ್ದಿದ್ದು 2022. ನಂದು ನಾಟೇಕರ್, ಪ್ರಕಾಶ್, ಸೈಯದ್ ಮೋದಿ, ಗೋಪಿಚಂದ್ ಇಂಥವರೆಲ್ಲ ಇದ್ದೂ 73 ವರ್ಷ ಯಾಕೆ ಬೇಕಾಯ್ತು? ನಮ್ಮ ವಾಕಿಂಗ್ ಗುಂಪಲ್ಲಿ ಇದೇ ಚರ್ಚೆ, ಅದೃಷ್ಟ ಅಂತಾರೆ ಕೆಲವರು.
– ಹಿರಿಯ ಓದುಗರು, ಡೊಂಬಿವಿಲಿ

ಉತ್ತರ: ಈ ಪ್ರಶ್ನೆಗೇ ಕಾಯ್ತಿದ್ದೆ. ಅದೃಷ್ಟ ಅಲ್ಲ ಸರ್, ಲೆಕ್ಕ. ಒಂದೇ ಪದದಲ್ಲಿ ಹೇಳಬೇಕು ಅಂದ್ರೆ ಡಬಲ್ಸ್.

ಹಳೇ ಪದ್ಧತಿಯಲ್ಲಿ 9 ಪಂದ್ಯ, 5 ಸಿಂಗಲ್ಸ್, 4 ಡಬಲ್ಸ್. ಪ್ರಕಾಶ್ ಎಷ್ಟೇ ದೊಡ್ಡ ಆಟಗಾರ ಆದ್ರೂ ಒಬ್ಬರೇ 5 ಗೆದ್ದುಕೊಡೋಕೆ ಆಗಲ್ಲ. 1984ರಿಂದ ಎರಡು ವರ್ಷಕ್ಕೊಂದು ಟೂರ್ನಿ, ಒಂದು ಟೈಗೆ 5 ಪಂದ್ಯ ಅಂತಾಯ್ತು: 3 ಸಿಂಗಲ್ಸ್, 2 ಡಬಲ್ಸ್, 3 ಗೆದ್ದೋರು ಪಾಸ್. ಈಗ ನೀವೇ ಕೂತು ಲೆಕ್ಕ ಹಾಕಿ. ಎರಡೂ ಡಬಲ್ಸ್ ಸೋಲ್ತೀರಿ ಅಂದ್ರೆ ಮೂರಕ್ಕೆ ಮೂರು ಸಿಂಗಲ್ಸ್ ಗೆಲ್ಲಲೇಬೇಕು, ಒಬ್ಬ ಎಡವಿದ್ರೂ ಮುಗೀತು. ಎದುರಾಳಿಗೂ ಇದು ಗೊತ್ತು, ಅವನು ಎರಡು ಡಬಲ್ಸ್ ಜೇಬಲ್ಲಿ ಇಟ್ಕೊಂಡೇ ಕೋರ್ಟಿಗೆ ಇಳೀತಾನೆ. ಅವರಿಗೆ ಒಂದೇ ಒಂದು ಸಿಂಗಲ್ಸ್ ಸಾಕು. ನಮ್ಮ ಟೀಮ್ ವರ್ಷಾನುಗಟ್ಟಲೆ ಹೀಗೇ ಆಡ್ತಿತ್ತು. ಅದೇ ಒಂದು, ಒಂದೇ ಒಂದು ನಂಬಬಹುದಾದ ಡಬಲ್ಸ್ ಜೋಡಿ ಇದ್ರೆ ಸಾಕು, ಮೂರು ಸಿಂಗಲ್ಸಲ್ಲಿ ಎರಡು ಗೆದ್ರೆ ಆಯ್ತು, ಒಬ್ಬನಿಗೆ ಸೋಲೋಕೆ ಜಾಗ ಸಿಗತ್ತೆ.

2022ರ ಮೇ ತಿಂಗಳಲ್ಲಿ ಬ್ಯಾಂಕಾಕ್‌ನಲ್ಲಿ ಆಗಿದ್ದು ಅಕ್ಷರಶಃ ಇದೇ. ಕ್ವಾರ್ಟರ್ ಫೈನಲಲ್ಲಿ ಮಲೇಷ್ಯಾ ಎದುರು ಮೊದಲ ಸಿಂಗಲ್ಸಲ್ಲಿ ಲಕ್ಷ್ಯ ಸೇನ್ ಸೋತ, ಮೊದಲ ಡಬಲ್ಸಲ್ಲಿ ಸಾತ್ವಿಕ್–ಚಿರಾಗ್ ಜೋಡಿ ಗೆದ್ರು, ಎರಡನೇ ಸಿಂಗಲ್ಸಲ್ಲಿ ಶ್ರೀಕಾಂತ್ ಗೆದ್ದ, ಎರಡನೇ ಡಬಲ್ಸ್ ಹೋಯ್ತು, ಕೊನೇ ಸಿಂಗಲ್ಸ್ ಪ್ರಣಯ್ ಗೆದ್ದ, 3-2. ಸೆಮಿಫೈನಲಲ್ಲಿ ಡೆನ್ಮಾರ್ಕ್ ಎದುರು ಮತ್ತೆ ಅದೇ ಸಾಲು: ಲಕ್ಷ್ಯ ಸೋಲು, ಸಾತ್ವಿಕ್–ಚಿರಾಗ್ ಗೆಲುವು, ಶ್ರೀಕಾಂತ್ ಗೆಲುವು, ಎರಡನೇ ಡಬಲ್ಸ್ ಸೋಲು, ಪ್ರಣಯ್ ಗೆಲುವು. ಆ ಪ್ರಣಯ್ ಪಂದ್ಯ ನೋಡದೇ ಇದ್ರೆ ಈಗಲಾದ್ರೂ ನೋಡಿ. ಮೊದಲ ಗೇಮಲ್ಲೇ ಜಾರಿ ಪಾದ ಹೊರಳಿತು, ಡಾಕ್ಟರ್ ಬಂದು ನೋಡಿದ್ರು, ಆ ಗೇಮ್ 13-21 ಕಳ್ಕೊಂಡ. ಆಮೇಲೆ ನೋವಲ್ಲೇ ಎದುರಾಳಿ ಗೆಮ್ಕೆಯನ್ನ 21-9, 21-12 ಸೋಲಿಸಿದ. ಎರಡು ಟೈನಲ್ಲೂ ಕೊನೆಯ ಪಂದ್ಯ ಗೆದ್ದಿದ್ದು ಪ್ರಣಯ್, ಸರಿ, ಪೇಪರಲ್ಲಿ ಅವನ ಫೋಟೋ ಬಂದಿದ್ದೂ ಸರಿ, ಆದ್ರೆ ಆ ಕೊನೆಯ ಪಂದ್ಯ ಅನ್ನೋದು ಉಳಿದಿದ್ದೇ ಮೊದಲ ಡಬಲ್ಸ್‌ನಿಂದ. ಸೆಮಿಯಲ್ಲಿ ಸಾತ್ವಿಕ್–ಚಿರಾಗ್ ಮೂರನೇ ಗೇಮ್ ಗೆದ್ದಿದ್ದು 22-20ರಲ್ಲಿ. ಆ ಎರಡು ಪಾಯಿಂಟ್ ಆಚೆಕಡೆ ಹೋಗಿದ್ರೆ ನಾವೀಗ ಈ ವಿಷಯ ಮಾತಾಡ್ತಿರಲಿಲ್ಲ.

ಇನ್ನು ಫೈನಲ್. 14 ಸಲ ಗೆದ್ದಿದ್ದ ಇಂಡೋನೇಷ್ಯಾ. ಲಕ್ಷ್ಯ ಮೊದಲ ಗೇಮ್ 8-21 ಹೀನಾಯವಾಗಿ ಸೋತು, ಆಮೇಲೆ ಗಿಂಟಿಂಗ್ ಮೇಲೆ 21-17, 21-16 ಗೆದ್ದ. ಎರಡನೇದು ಡಬಲ್ಸ್. ಆ ಕಡೆ ಮೊಹಮ್ಮದ್ ಅಹ್ಸಾನ್ ಮತ್ತು ಕೆವಿನ್ ಸುಕಮುಲ್ಜೊ, ನೆಟ್ ಹತ್ರ ಕೆವಿನ್ ಕೈ ಎಷ್ಟು ವೇಗ ಅಂದ್ರೆ ಎದುರಿನವರಿಗೆ ಸರ್ವ್ ಮಾಡೋಕೇ ಭಯ ಆಗತ್ತೆ. ಮೊದಲ ಗೇಮ್ ಹೋಯ್ತು 18-21. ಎರಡನೇದರಲ್ಲೂ ಹಿಂದೆ, ಮ್ಯಾಚ್ ಪಾಯಿಂಟ್ ಅವರದ್ದು, ಒಂದಲ್ಲ ಎರಡಲ್ಲ ನಾಲ್ಕು. ನಾಲ್ಕನ್ನೂ ಉಳಿಸಿಕೊಂಡ್ರು. ಆ ಹೊತ್ತಲ್ಲಿ ಚಿರಾಗ್‌ನ ನೋಡಬೇಕು, ಸರ್ವ್ ಮಾಡಿದ ಮರುಕ್ಷಣ ರಾಕೆಟ್ ತಲೆ ಮೇಲಕ್ಕೆ, ಮೊಣಕಾಲು ಬಗ್ಗಿ ನೆಟ್ಟಿಗೆ ಅಂಟಿಕೊಂಡ ಹಾಗೆ ನಿಲ್ಲೋದು, ಹಿಂದಿನಿಂದ ಸಾತ್ವಿಕ್ ಸ್ಮ್ಯಾಶ್, ಅದು ಅರ್ಧಂಬರ್ಧ ವಾಪಸ್ ಬಂದ್ರೆ ಚಿರಾಗ್ ಮುಗಿಸೋದು. 23-21, ಆಮೇಲೆ 21-19. ಮೂರನೇ ಪಂದ್ಯದಲ್ಲಿ ಶ್ರೀಕಾಂತ್ ಜೊನಾಥನ್ ಕ್ರಿಸ್ಟಿಯನ್ನ 21-15, 23-21 ಸೋಲಿಸಿದ, ಕಪ್ ನಮ್ಮದು. ಇಡೀ ಟೂರ್ನಿಯ ನಾಕೌಟ್‌ನಲ್ಲಿ ಒಂದೂ ಸೋಲದೇ ಇದ್ದಿದ್ದು ಶ್ರೀಕಾಂತ್, ಪ್ರಣಯ್ ಮತ್ತು ಈ ಡಬಲ್ಸ್ ಜೋಡಿ.

ಹಾಗಂತ ಮುಂಚೆ ನಮ್ಮಲ್ಲಿ ಡಬಲ್ಸ್ ಆಡೋರೇ ಇರಲಿಲ್ಲ ಅಂತ ಅಲ್ಲ. 1982ರ ದೆಹಲಿ ಏಷ್ಯನ್ ಗೇಮ್ಸಲ್ಲಿ ಲೆರಾಯ್ ಡಿಸಾ ಮತ್ತು ಪ್ರದೀಪ್ ಗಂಧೆ ಕಂಚು ತಂದಿದ್ರು. ಆದ್ರೆ ಡಬಲ್ಸ್‌ಗೇ ಅಂತ ಬೇರೆ ಕೋಚ್ ಇಟ್ಟು, ಸಣ್ಣ ವಯಸ್ಸಿಂದಲೇ ಜೋಡಿ ಕಟ್ಟಿ, ಐದಾರು ವರ್ಷ ಅದೇ ಜೋಡಿನ ಕಾಪಾಡೋದು ಅನ್ನೋದು ಇರಲಿಲ್ಲ. ಇಂಡೋನೇಷ್ಯಾ, ಮಲೇಷ್ಯಾ, ಕೊರಿಯಾ ಇದನ್ನ ಎಷ್ಟೋ ಮುಂಚೆ ಮಾಡಿದ್ವು. ನಮ್ಮಲ್ಲಿ ಮಲೇಷ್ಯಾದ ಕೋಚ್ ತಾನ್ ಕಿಮ್ ಹರ್ ಬಂದು ಅಮಲಾಪುರದ ಸಾತ್ವಿಕ್, ಮುಂಬೈಯ ಚಿರಾಗ್ ಇಬ್ಬರನ್ನ ಜೋಡಿ ಮಾಡಿದ್ರು, ಇಬ್ಬರೂ ಎತ್ತರ, ಇಬ್ಬರೂ ಹಿಂದೆ ನಿಂತು ಹೊಡೆಯೋ ಆಟಗಾರರು, ಒಬ್ಬ ಮುಂದೆ ಬರಲೇಬೇಕಾಗಿತ್ತು, ಚಿರಾಗ್ ಬಂದ. ಹಿಂದೆ ನಿಂತು ಸ್ಮ್ಯಾಶ್ ಹೊಡೆಯೋನಿಗೆ ಚಪ್ಪಾಳೆ ಸಿಗತ್ತೆ ಸರ್, ಅದನ್ನ ಬಿಟ್ಟು ಮುಂದೆ ನಿಂತು ಬೇರೆಯವನ ಸ್ಮ್ಯಾಶ್‌ಗೆ ದಾರಿ ಮಾಡಿಕೊಡೋ ಕೆಲಸ ಕಲಿಯೋದಕ್ಕೆ ದೊಡ್ಡ ಮನಸ್ಸು ಬೇಕು. ಜಾರ್ಜ್ ಥಾಮಸ್ ಅವರ 21ರಲ್ಲಿ 17 ಡಬಲ್ಸ್ ಅಂತ ಮೊದಲೇ ಹೇಳಿದ್ನಲ್ಲ. ಆ ಮನುಷ್ಯನ ಹೆಸರಿನ ಕಪ್ ಡಬಲ್ಸ್ ಕಲಿಯದ ದೇಶಕ್ಕೆ ಸಿಗದೇ ಇದ್ದದ್ದು ನನಗೆ ನ್ಯಾಯ ಅಂತಾನೇ ಕಾಣತ್ತೆ.

ಪ್ರಶ್ನೆ: ಹೆಂಗಸರಿಗೆ ಥಾಮಸ್ ಕಪ್ ಇಲ್ವಾ?
– ಓದುಗರು, ಥಾಣೆ

ಉತ್ತರ: ಇದೆಯಮ್ಮಾ, ಅದರ ಹೆಸರು ಊಬರ್ ಕಪ್. ಬೆಟ್ಟಿ ಊಬರ್ ಅನ್ನೋ ಇಂಗ್ಲೆಂಡಿನ ಆಟಗಾರ್ತಿ ಕೊಟ್ಟಿದ್ದು, 1956-57ರಲ್ಲಿ ಶುರು, ಮೊದಲ ಮೂರು ಸಲ ಗೆದ್ದಿದ್ದು ಅಮೆರಿಕಾ ಅಂದ್ರೆ ಈಗ ಆಶ್ಚರ್ಯ ಆಗತ್ತೆ. 1984ರಿಂದ ಎರಡೂ ಟೂರ್ನಿ ಒಂದೇ ಊರಲ್ಲಿ ಒಟ್ಟಿಗೆ ನಡೀತವೆ. ನಮ್ಮ ಹೆಣ್ಣುಮಕ್ಕಳು 2014ರಲ್ಲಿ ದೆಹಲಿಯಲ್ಲಿ, 2016ರಲ್ಲಿ ಚೀನಾದ ಕುನ್ಶಾನಲ್ಲಿ ಸೆಮಿಫೈನಲ್ ತನಕ ಹೋಗಿ ಕಂಚು ತಂದ್ರು, ಅಂದ್ರೆ ಗಂಡಸರ ಟೀಮ್ ಕಪ್ ಗೆಲ್ಲೋಕೆ ಮುಂಚೆಯೇ. ಅದು ಯಾರಿಗೂ ನೆನಪಿಲ್ಲ, ನೆನಪಿರಬೇಕಿತ್ತು.

ಪ್ರಶ್ನೆ: ಬೆಂಗಳೂರಿಗೆ ಹೋದಾಗ ಅಲ್ಲಿಂದ ಒಂದು ಡಬ್ಬ ಪುಕ್ಕದ ಶಟಲ್ ತಂದೆ. ಇಲ್ಲಿ ನವಿ ಮುಂಬೈಯಲ್ಲಿ ಹೊಡೆದ್ರೆ ಮುಂದಕ್ಕೇ ಹೋಗಲ್ಲ, ಮಧ್ಯದಲ್ಲೇ ಬೀಳತ್ತೆ. ಮೋಸ ಹೋದ್ನಾ?
– ಓದುಗರು, ವಾಶಿ

ಉತ್ತರ: ಮೋಸ ಅಲ್ಲ, ಎತ್ತರದ ವ್ಯತ್ಯಾಸ. ಬೆಂಗಳೂರು ಸಮುದ್ರ ಮಟ್ಟದಿಂದ 900 ಮೀಟರ್ ಮೇಲಿದೆ, ಗಾಳಿ ತೆಳು, ಶಟಲ್ ಜೋರಾಗಿ ಹೋಗತ್ತೆ. ಹಾಗಾಗಿ ಅಲ್ಲಿ ನಿಧಾನದ ಶಟಲ್ ಮಾರ್ತಾರೆ. ಡಬ್ಬದ ಮೇಲೆ ವೇಗದ ನಂಬರ್ ಇರತ್ತೆ ನೋಡಿ, ನಂಬರ್ ಸಣ್ಣದಾದಷ್ಟೂ ಶಟಲ್ ನಿಧಾನ. ಅದನ್ನೇ ಇಲ್ಲಿ ಕಡಲ ಪಕ್ಕ ತಂದು ಹೊಡೆದ್ರೆ ಬೀಳದೆ ಇನ್ನೇನಾಗತ್ತೆ. ಥಾಮಸ್ ಕಪ್ ಆಗಲಿ ಯಾವ ಟೂರ್ನಿ ಆಗಲಿ ಶಟಲ್ ಪರೀಕ್ಷೆ ಮಾಡೋ ಕ್ರಮ ಒಂದೇ: ಹಿಂದಿನ ಗೆರೆ ಮೇಲೆ ನಿಂತು ಕೆಳಗಿನಿಂದ ಪೂರ್ತಿ ಬೀಸಿ ಹೊಡೀಬೇಕು, ಅದು ಎದುರಿನ ಹಿಂದಿನ ಗೆರೆಗಿಂತ 53ರಿಂದ 99 ಸೆಂಟಿಮೀಟರ್ ಒಳಗೆ ಬೀಳಬೇಕು. ಅಲ್ಲಿ ಬಿದ್ರೆ ಆ ಹಾಲಿಗೆ ಆ ಶಟಲ್ ಸರಿ. ನಿಮ್ಮ ಕ್ಲಬ್ಬಲ್ಲಿ ಒಂದ್ಸಲ ಹೀಗೆ ನೋಡಿ, ಮುಂದೆ ಆ ನಂಬರೇ ತಗೊಳ್ಳಿ. ಉಳಿದಿದ್ದನ್ನ ಬೆಂಗಳೂರಿಗೆ ಹೋಗೋ ಯಾರ ಕೈಲಾದ್ರೂ ಕಳಿಸಿಬಿಡಿ, 16 ಪುಕ್ಕದ ಒಂದೊಂದು ಶಟಲ್‌ಗೂ ಈಗ ಸಣ್ಣ ರೇಟಲ್ಲ.

ಪ್ರಶ್ನೆ: ಚಿರಾಗ್ ಶೆಟ್ಟಿ ಮುಂಬೈಯಲ್ಲಿ ಎಲ್ಲಿಯವನು? ಥಾಮಸ್ ಕಪ್ ಗೆದ್ದೋರಿಗೆ ಎಷ್ಟು ದುಡ್ಡು ಸಿಗತ್ತೆ? ಕ್ರಿಕೆಟ್‌ನವರಷ್ಟು ಸಿಗತ್ತಾ?
– ಓದುಗರು, ವಿಕ್ರೋಲಿ

ಉತ್ತರ: ಮಲಾಡಿನವನು, ತುಳು ಮನೆಮಾತಿನ ಕುಟುಂಬ, ಹುಟ್ಟಿದ್ದು 1997ರಲ್ಲಿ. ಗೋರೆಗಾಂವ್‌ನಲ್ಲಿ ಉದಯ್ ಪವಾರ್ ಅವರ ಹತ್ರ ಕಲಿತು ಆಮೇಲೆ ಹೈದರಾಬಾದಿಗೆ ಹೋದ.

ಥಾಮಸ್ ಕಪ್‌ನಲ್ಲಿ ಬಹುಮಾನದ ಹಣ ಅಂತ ಇರಲಿಲ್ಲ, ದೇಶಕ್ಕಾಗಿ ಆಡೋದು ಅಷ್ಟೇ. 2022ರಲ್ಲಿ ಗೆದ್ದಮೇಲೆ ಕೇಂದ್ರ ಸರ್ಕಾರ ಇಡೀ ಟೀಮಿಗೆ 1 ಕೋಟಿ ಘೋಷಿಸ್ತು, ಬ್ಯಾಡ್ಮಿಂಟನ್ ಸಂಘ ಇನ್ನೊಂದು ಕೋಟಿ. ಎರಡು ವರ್ಷ ಆದ್ಮೇಲೆ, 2024ರ ಜುಲೈನಲ್ಲಿ, ಟಿ20 ವಿಶ್ವಕಪ್ ಗೆದ್ದ ಕ್ರಿಕೆಟ್ ಟೀಮಿಗೆ ಮಹಾರಾಷ್ಟ್ರ ಸರ್ಕಾರ 11 ಕೋಟಿ ಘೋಷಿಸಿದಾಗ ಚಿರಾಗ್ ಬಹಿರಂಗವಾಗೇ ಬೇಸರ ಹೇಳ್ಕೊಂಡ, ಥಾಮಸ್ ಕಪ್ ಕೂಡ ವಿಶ್ವಕಪ್‌ಗೆ ಸಮಾನ, ಆ ಟೀಮಲ್ಲಿ ಈ ರಾಜ್ಯದಿಂದ ಇದ್ದೋನು ನಾನು, ನನ್ನನ್ನ ಯಾರೂ ಗುರುತಿಸಲಿಲ್ಲ ಅನ್ನೋ ಅರ್ಥದಲ್ಲಿ. ಅವನು ಕ್ರಿಕೆಟ್‌ನವರಿಗೆ ಕೊಟ್ಟಿದ್ದು ತಪ್ಪು ಅನ್ನಲಿಲ್ಲ, ಎಲ್ಲಾ ಆಟವನ್ನೂ ಒಂದೇ ಕಣ್ಣಲ್ಲಿ ನೋಡಿ ಅಂದ. ನಾನು ಅವನ ಮಾತಿಗೆ ಪೂರ್ತಿ ಒಪ್ತೀನಿ. 73 ವರ್ಷದಲ್ಲಿ ಒಂದು ಸಲ ಬಂದ ಕಪ್ಪು ಅದು.

ಪ್ರಶ್ನೆ: ನನ್ನ ಮಗಳಿಗೆ 12 ವರ್ಷ, ಜಿಲ್ಲಾ ಮಟ್ಟದಲ್ಲಿ ಆಡ್ತಾಳೆ. ಸಿಂಗಲ್ಸ್ ಬಿಟ್ಟು ಡಬಲ್ಸ್ ಕಡೆ ಗಮನ ಕೊಡಿ ಅಂತಾರೆ ಕೋಚ್. ಮನೆಯಲ್ಲಿ ಎಲ್ರಿಗೂ ಬೇಜಾರಾಗಿದೆ, ಸಿಂಗಲ್ಸ್‌ಗೆ ಲಾಯಕ್ಕಿಲ್ಲ ಅಂತ ಹೀಗೆ ಹೇಳ್ತಿದಾರಾ ಅಂತ. ಏನ್ ಮಾಡ್ಲಿ?
– ಒಬ್ಬ ತಾಯಿ, ಮೀರಾ ರೋಡ್

ಉತ್ತರ: ಬೇಜಾರು ಮಾಡ್ಕೋಬೇಡಿಮ್ಮಾ. ಮುಂಬೈಯ ಕ್ಲಬ್‌ಗಳಲ್ಲಿ ವಿಚಿತ್ರ ಏನು ಅಂದ್ರೆ ಕೋರ್ಟ್ ಕಮ್ಮಿ, ಜನ ಜಾಸ್ತಿ, ಹಾಗಾಗಿ ದೊಡ್ಡೋರೆಲ್ಲ ಬೆಳಿಗ್ಗೆ ಸಂಜೆ ಆಡೋದು ಡಬಲ್ಸೇ, ಆದ್ರೆ ಅದೇ ದೊಡ್ಡೋರು ಮಕ್ಕಳನ್ನ ಸೇರಿಸೋದು ಮಾತ್ರ ಸಿಂಗಲ್ಸ್‌ಗೆ. ಡಬಲ್ಸ್ ಅಂದ್ರೆ ಉಳಿದೋರ ಆಟ ಅನ್ನೋ ಈ ಭಾವನೆಯಿಂದಲೇ ನಾವು ಇಷ್ಟು ವರ್ಷ ಕಳ್ಕೊಂಡಿದ್ದು, ಮೇಲೆ ಡೊಂಬಿವಿಲಿಯ ಹಿರಿಯರಿಗೆ ಬರೆದ ಉತ್ತರ ಒಂದ್ಸಲ ಓದಿ.

ಅಶ್ವಿನಿ ಪೊನ್ನಪ್ಪ ನಮ್ಮ ಕೊಡಗಿನ ಮನೆತನದ ಹುಡುಗಿ. ಜ್ವಾಲಾ ಗುಟ್ಟಾ ಜೊತೆ 2010ರ ಕಾಮನ್‌ವೆಲ್ತ್ ಚಿನ್ನ, 2011ರ ವಿಶ್ವ ಚಾಂಪಿಯನ್‌ಶಿಪ್ ಕಂಚು, ಎಲ್ಲಾ ಡಬಲ್ಸಲ್ಲೇ. ಮುಂದೆ ಗೋವಾ ಮೂಲದ ತನಿಶಾ ಕ್ರಾಸ್ತೊ ಜೊತೆ ಸೇರಿ 2024ರ ಪ್ಯಾರಿಸ್ ಒಲಿಂಪಿಕ್ಸ್ ತನಕ ಹೋದ್ಳು. ಸಿಂಗಲ್ಸ್‌ಗೆ ಲಾಯಕ್ಕಿಲ್ಲದೆ ಹೋದೋಳಲ್ಲ ಅವಳು, ಡಬಲ್ಸ್‌ಗೆ ಬೇಕಾದ್ದು ಇದ್ದೋಳು.

ಆದ್ರೆ 12 ವರ್ಷಕ್ಕೇ ಸಿಂಗಲ್ಸ್ ಪೂರ್ತಿ ಬಿಡಿಸೋದು ಬೇಡ ಅನ್ನಿಸತ್ತೆ ನನಗೆ. ಕೋರ್ಟ್ ತುಂಬಾ ಓಡೋದು, ಕಾಲಿನ ಹೆಜ್ಜೆ, ತಾಳ್ಮೆ ಇದೆಲ್ಲ ಸಿಂಗಲ್ಸಲ್ಲೇ ಗಟ್ಟಿಯಾಗೋದು, ಎರಡೂ ಆಡಲಿ. ಕೋಚ್ ಹತ್ರ ಕೂತು ಮೂರು ವಿಷಯ ಕೇಳಿ: ಯಾಕೆ ಹಾಗೆ ಅನ್ನಿಸ್ತು, ಯಾರ ಜೊತೆ ಜೋಡಿ ಮಾಡ್ತೀರಿ, ಆ ಜೋಡಿನ ಎಷ್ಟು ದಿನ ಒಟ್ಟಿಗೆ ಇಡ್ತೀರಿ. ನಿಮ್ಮ ಮಗಳು ನೆಟ್ ಹತ್ರ ಚುರುಕಾಗಿದಾಳೆ, ಶಟಲ್ ಎಲ್ಲಿ ಬರತ್ತೆ ಅಂತ ಮುಂಚೆಯೇ ಗೊತ್ತಾಗತ್ತೆ ಅವಳಿಗೆ ಅಂತ ಅವರು ಹೇಳಿದ್ರೆ, ಆ ಕೋಚ್ ಮಗುವನ್ನ ಸರಿಯಾಗಿ ನೋಡ್ತಿದಾರೆ ಅಂತ ಅರ್ಥ. ಅದೇ ಪ್ರತಿ ಟೂರ್ನಿಗೂ ಜೊತೆಗಾರ್ತಿ ಬದಲಾಯಿಸ್ತೀವಿ ಅಂದ್ರೆ ಒಪ್ಪಬೇಡಿ. ಒಂದೇ ಜೊತೆಗಾರ್ತಿ ಜೊತೆ ಒಂದು ಪೂರ್ತಿ ಸೀಸನ್ ಆಡಿಸೋಕೆ ಹೇಳಿ, ದಿನಾ ಪ್ರಾಕ್ಟೀಸ್ ಮುಗಿದ ಮೇಲೆ ಹತ್ತು ನಿಮಿಷ ಬರೀ ಬ್ಯಾಕ್‌ಹ್ಯಾಂಡ್ ಸಣ್ಣ ಸರ್ವ್ ಮಾಡ್ಲಿ, ನೆಟ್ ಪಟ್ಟಿ ಸವರಿಕೊಂಡು ಹೋಗೋ ಹಾಗೆ. ಸೀಸನ್ ಮುಗಿದ್ಮೇಲೆ ಯಾವುದು ಇಷ್ಟ ಅಂತ ಅವಳನ್ನೇ ಕೇಳಿ.